ಮಗ ಗಡಿಯಲ್ಲಿದ್ದಾನೆ. ಈ ಯುದ್ಧ ಸರಿಯಾ ಅಂತ ಅಪ್ಪ ಕೇಳಬಹುದಾ?

ತೋಟದ ಅಪ್ಪಯ್ಯ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನಗೆ ಐವತ್ತೆಂಟು ವರ್ಷ. ಎರಡೂವರೆ ಎಕರೆ ಅಡಿಕೆ ತೋಟ ಇದೆ. ಒಬ್ಬನೇ ಮಗ, ಸೈನ್ಯದಲ್ಲಿದ್ದಾನೆ. ಸೇರಿ ಏಳು ವರ್ಷ ಆಯಿತು. ಯೂನಿಟ್ ಯಾವುದು, ಯಾವ ಜಾಗ ಅಂತ ಬರೆಯುವುದಿಲ್ಲ. ಜಮ್ಮು ಕಡೆ ಅಂದುಕೊಳ್ಳಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅವನನ್ನು ಸೈನ್ಯಕ್ಕೆ ಯಾರೂ ಎಳೆದುಕೊಂಡು ಹೋಗಲಿಲ್ಲ. ಆಸೆ ಅವನದ್ದು, ಹುರಿದುಂಬಿಸಿದ್ದು ನಾನು. ಭರ್ತಿಗೆ 1.6 ಕಿ.ಮೀ. ಓಡಬೇಕಿತ್ತು. ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ. ನಮ್ಮೂರ ಬಸ್ ಸ್ಟಾಪಿನಿಂದ ಹಳೇ ಮೋರಿ ದಾಟಿ ಎಷ್ಟು ದೂರ ಅಂತ ಬೈಕಿನ ಮೀಟರ್ ನೋಡಿ ಅಳೆದೆ. ಅಲ್ಲೊಂದು ಮತ್ತಿಮರ ಇದೆ, ಅದಕ್ಕೆ ಸುಣ್ಣ ಬಳಿದೆ. ದಿನಾ ಬೆಳಿಗ್ಗೆ ಐದು ಗಂಟೆಗೆ ಅವನು ಓಡುವುದು, ನಾನು ಮರದ ಕೆಳಗೆ ವಾಚು ಹಿಡಿದು ನಿಲ್ಲುವುದು. ಐದು ಮುಕ್ಕಾಲು ನಿಮಿಷ ಆದ ದಿನ ಬೈಯುತ್ತಿದ್ದೆ. ತರಬೇತಿ ಮುಗಿದ ದಿನ ಪರೇಡಿನಲ್ಲಿ ನನ್ನ ಎದೆಗೂ ಒಂದು ಪದಕ ಹಾಕಿದರು. ಇವತ್ತಿಗೂ ಅದು ಜಗಲಿಯ ಗೋಡೆ ಮೇಲಿದೆ.

ಈಗ ವಿಷಯಕ್ಕೆ ಬರುತ್ತೇನೆ. 2025ರ ಏಪ್ರಿಲ್ 22ಕ್ಕೆ ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಅದರಲ್ಲಿ ಒಬ್ಬರು ನಮ್ಮ ಶಿವಮೊಗ್ಗದವರು. ಹೆಂಡತಿ, ಮಗನ ಜೊತೆ ಪ್ರವಾಸ ಹೋದ ಮನುಷ್ಯ. 24ರಂದು ಅವರ ದೇಹ ಊರಿಗೆ ಬಂತು. ನಾನು ಬೆಳಿಗ್ಗೆ ಬಸ್ ಹತ್ತಿ ಶಿವಮೊಗ್ಗಕ್ಕೆ ಹೋದೆ. ಪರಿಚಯ ಏನೂ ಇರಲಿಲ್ಲ. ಮನೆಯಲ್ಲಿ ಕೂರಲು ಆಗಲಿಲ್ಲ, ಹೋದೆ. ರಸ್ತೆಯಲ್ಲಿ ಜನವೋ ಜನ. ಯಾರೋ ಘೋಷಣೆ ಕೂಗಿದರು. ನಾನೂ ಕೂಗಿದೆ. "ಯುದ್ಧ ಆಗಲೇಬೇಕು" ಅಂತ ಗಂಟಲು ಹರಿಯುವಷ್ಟು ಕೂಗಿದೆ. ಮನಸಾರೆ ಕೂಗಿದ್ದು. ಆಗ ನನ್ನ ಮಗ ನೆನಪಿಗೇ ಬರಲಿಲ್ಲ. ಇದನ್ನು ಗಮನಿಸಿ, ನನ್ನನ್ನು ಕೊರೆಯುತ್ತಿರುವುದು ಇದೇ.

ಮೇ 7ರ ಬೆಳಿಗ್ಗೆ ರೇಡಿಯೊದಲ್ಲಿ ಸುದ್ದಿ ಕೇಳಿದೆ. ರಾತ್ರಿ ನಮ್ಮವರು ಪಾಕಿಸ್ತಾನ ಮತ್ತು ಪಾಕ್ ಆಕ್ರಮಿತ ಕಾಶ್ಮೀರದ ಒಂಬತ್ತು ಜಾಗಗಳ ಮೇಲೆ ದಾಳಿ ಮಾಡಿದ್ದಾರೆ, ಹೆಸರು ಆಪರೇಷನ್ ಸಿಂದೂರ. ಮೊದಲು ಖುಷಿಯಾಯಿತು. ಆಮೇಲೆ ಮಗನಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಸಿಗುವುದು ತೋಟದ ಮೇಲಿನ ದರೆಯಲ್ಲಿ ಮಾತ್ರ. ನಾಲ್ಕು ದಿನ ನಾನು ಆ ದರೆ ಬಿಟ್ಟು ಇಳಿಯಲಿಲ್ಲ ಅಂದರೂ ನಡೆಯುತ್ತದೆ. ಹೆಂಡತಿ ಅಲ್ಲಿಗೇ ಗಂಜಿ ತಂದುಕೊಟ್ಟಳು. ಪಕ್ಕದ ಮನೆಯ ಟಿವಿಯಲ್ಲಿ ಒಂದು ರಾತ್ರಿ ಕರಾಚಿ ಬಂದರೇ ಉಡೀಸ್ ಅಂದರು. ಬೆಳಿಗ್ಗೆ ನೋಡಿದರೆ ಸುಳ್ಳು. ಆ ಆಂಕರ್ ನಗುತ್ತಾ ಹೇಳುತ್ತಿದ್ದ. ಅವನ ಮಗ ಎಲ್ಲಿದ್ದಾನೋ ಅಂತ ಯೋಚಿಸಿದೆ.

ಆ ದಿನಗಳಲ್ಲೇ ಜಮ್ಮು ಕಡೆಯ ಗಡಿ ಊರು ಪೂಂಛ್‌ನ ಸುದ್ದಿ ಓದಿದ್ದು. ಪಾಕಿಸ್ತಾನದ ಕಡೆಯಿಂದ ಶೆಲ್ ಬಿದ್ದು ಒಂದು ಡಜನ್‌ಗೂ ಜಾಸ್ತಿ ಊರವರು ಸತ್ತಿದ್ದರು. ಅದರಲ್ಲಿ ಇಬ್ಬರು ಅವಳಿ ಮಕ್ಕಳು, ಒಂದು ಗಂಡು, ಒಂದು ಹೆಣ್ಣು, ಹನ್ನೆರಡು ವರ್ಷ. ಆ ಕಡೆಯ ಸುದ್ದಿಯಲ್ಲೂ ಮಕ್ಕಳು ಸತ್ತ ಮಾತಿತ್ತು. ಶಿವಮೊಗ್ಗದಲ್ಲಿ ನಾನು ಕೂಗಿದೆನಲ್ಲ, ಆ ಕೂಗಿನೊಳಗೆ ಈ ಮಕ್ಕಳೂ ಇದ್ದರಾ? ಯುದ್ಧ ಆಗಲಿ ಅಂದವನಿಗೆ ಅದರ ಪೂರ್ತಿ ಲೆಕ್ಕ ಗೊತ್ತಿರಬೇಕಲ್ವಾ?

10ನೇ ತಾರೀಖು ಸಂಜೆ ಐದಕ್ಕೆ ಗುಂಡು ನಿಂತಿತು ಅಂತ ಗೊತ್ತಾದಾಗ ದರೆಯಲ್ಲೇ ಕುಸಿದು ಕೂತು ಅತ್ತೆ. ಪೇಟೆಯ ಚಹಾ ಅಂಗಡಿಯಲ್ಲಿ ಮಾತ್ರ "ಇನ್ನೂ ನಾಲ್ಕು ದಿನ ಹೊಡೆಯಬೇಕಿತ್ತು" ಅಂತ ಬೇಜಾರು. ನಾನು ಬಾಯಿ ತಪ್ಪಿ "ನಿಂತಿದ್ದು ಒಳ್ಳೆಯದಾಯಿತು. ಮೊದಲಿಗೇ ಬೇಕಿತ್ತಾ ಅಂತಲೂ ಅನಿಸುತ್ತದೆ" ಅಂದೆ. ನನ್ನ ಬಾಲ್ಯದ ಗೆಳೆಯನೇ "ಯೋಧನ ಅಪ್ಪ ಆಡುವ ಮಾತಾ ಇದು" ಅಂದ. ಅವತ್ತಿನಿಂದ ಅವನ ಜೊತೆ ಮಾತು ಕಡಿಮೆಯಾಗಿದೆ.

ನನ್ನ ಪ್ರಶ್ನೆ ಇಷ್ಟೇ. ಈ ಅನುಮಾನ ನಿಜವಾಗಿ ಯುದ್ಧದ ಬಗ್ಗೆಯಾ, ಇಲ್ಲಾ ಬರೀ ಮಗನ ಮೇಲಿನ ಭಯವಾ? ಅವನು ಬೆಂಗಳೂರಿನ ಯಾವುದೋ ಆಫೀಸಿನಲ್ಲಿ ಕೆಲಸಕ್ಕಿದ್ದಿದ್ದರೆ ನಾನೂ ಚಹಾ ಅಂಗಡಿಯಲ್ಲಿ ಕೂತು ಇನ್ನೂ ನಾಲ್ಕು ದಿನ ಅನ್ನುತ್ತಿದ್ದೆನಾ? ಈಗ ಅವನು ರಜೆ ಮೇಲೆ ಬಂದಿದ್ದಾನೆ. ಕೊನೆಕೊಯ್ಲು ನಡೆಯುತ್ತಿದೆ. ಅವನನ್ನೇ ಕೇಳಲಾ, ಬೇಡವಾ? ಮನೆಯಲ್ಲಿ ಸೈನಿಕರಿರುವವರು ದಯವಿಟ್ಟು ಹೇಳಿ.

ನಿವೃತ್ತ ಸುಬೇದಾರ್, ಸಾಗರ

ನೋಡಿ ಮಾರಾಯ್ರೇ, ಮೊದಲು ಒಂದು ವಿಷಯ. ಮಗನ ಜಾಗ, ಯೂನಿಟ್ ಬರೆಯದೇ ಇದ್ದಿರಿ. ಒಳ್ಳೆಯದು ಮಾಡಿದಿರಿ. ಮುಂದೆಯೂ ಬರೆಯಬೇಡಿ.

ನಾನು 1987ರಲ್ಲಿ ಶ್ರೀಲಂಕಾಕ್ಕೆ ಹೋದವನು. ಇಪ್ಪತ್ತೆರಡು ವರ್ಷ. ಜುಲೈ 29ಕ್ಕೆ ಭಾರತಕ್ಕೂ ಲಂಕಾಕ್ಕೂ ಒಪ್ಪಂದ ಆಯಿತು, ಶಾಂತಿ ಕಾಪಾಡಲು ಅಂತ ನಮ್ಮನ್ನು ಕಳಿಸಿದರು. ಹಡಗು ಇಳಿದಾಗ ಜಾಫ್ನಾದ ಜನ ಹೂವಿನ ಹಾರ ಹಾಕಿದರು. ಅಕ್ಟೋಬರ್ ಹೊತ್ತಿಗೆ ಅದೇ ರಸ್ತೆಗಳಲ್ಲಿ ತಮಿಳು ಬಂಡುಕೋರರ ಸಂಘಟನೆ ಎಲ್‌ಟಿಟಿಇ ಜೊತೆ ನಮ್ಮ ಯುದ್ಧ. ಯಾರನ್ನು ಕಾಯಲು ಬಂದಿದ್ದೆವೋ ಅವರ ಮನೆಯ ಹುಡುಗರೇ ಎದುರಿಗೆ. ರಸ್ತೆಯಲ್ಲಿ ಮೈನ್, ತೆಂಗಿನ ಮರದಲ್ಲಿ ಸ್ನೈಪರ್. ನಮ್ಮವರು ಸುಮಾರು 1,200 ಜನ ಅಲ್ಲಿ ಸತ್ತರು. ನನ್ನ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದವನೂ ಅವರಲ್ಲಿ ಒಬ್ಬ. ಅವನ ಟ್ರಂಕಿನ ಸಾಮಾನು ಪಟ್ಟಿ ಮಾಡಿ ಮನೆಗೆ ಕಳಿಸಿದ್ದು ನಾನು. ಎರಡು ಬನಿಯನ್, ಒಂದು ಟ್ರಾನ್ಸಿಸ್ಟರ್, ಅರ್ಧ ಬರೆದ ಇನ್‌ಲ್ಯಾಂಡ್ ಲೆಟರ್. ಆ ಲೆಟರ್ ಕಳಿಸಬೇಕಾ ಬೇಡವಾ ಅಂತ ಒಂದು ರಾತ್ರಿ ಯೋಚಿಸಿದೆ. ಕಳಿಸಿದೆ.

1990ರ ಮಾರ್ಚಿನಲ್ಲಿ ಕೊನೆಯ ತಂಡ ವಾಪಸ್ ಬಂತು. ಮದ್ರಾಸಿನಲ್ಲಿ ಸ್ವಾಗತಕ್ಕೆ ಅಲ್ಲಿನ ಮುಖ್ಯಮಂತ್ರಿಯೇ ಬರಲಿಲ್ಲ. ರಜೆಗೆ ಊರಿಗೆ ಬಂದಾಗ ಅಪ್ಪ ಕೇಳಿದ್ದು ಒಂದೇ, "ಅಲ್ಲಿ ಯಾಕೆ ಹೋಗಿದ್ರಿ?" ಅವರು ಭದ್ರಾವತಿ ಆಕಾಶವಾಣಿಯ ಸುದ್ದಿ ಬಿಡದೆ ಕೇಳುತ್ತಿದ್ದರು. ಆದರೂ ಅರ್ಥ ಆಗಿರಲಿಲ್ಲ. ನನಗೂ ಹೇಳಲು ಆಗಲಿಲ್ಲ. ಈಗ ಅರವತ್ತಾಯಿತು, ಇನ್ನೂ ಸರಿಯಾಗಿ ಹೇಳಲು ಬರುವುದಿಲ್ಲ. ಹೋಗುವ ಮೊದಲೇ ನಾಲ್ಕು ಜನ ಗಟ್ಟಿಯಾಗಿ ಕೇಳಿದ್ದರೆ ಅಂತ ಅನ್ನಿಸುತ್ತದೆ.

ಹಾಗಾಗಿ ಭಯದಿಂದ ಹುಟ್ಟಿದ ಪ್ರಶ್ನೆ ಅಂತ ನೀವು ನಾಚಿಕೊಳ್ಳಬೇಡಿ. ಅಡಿಕೆಗೆ ಕೊಳೆ ರೋಗ ಬಂದರೆ ಔಷಧಿ ಸರಿಯಿದೆಯಾ ಅಂತ ಕೇಳುವುದು ತೋಟ ಇದ್ದವನೇ. ತೋಟ ಇಲ್ಲದವನಿಗೆ ಯಾವ ಔಷಧಿ ಆದರೇನು?

ಮಗನನ್ನು ಕೇಳಿ. ಆದರೆ ಎದುರಿಗೆ ಕೂರಿಸಿಕೊಂಡು ಕೇಳಬೇಡಿ, ಕೈಗೆ ಕೆಲಸ ಇರುವಾಗ ಕೇಳಿ.

ಫೌಜಿ ಮನೆಯವಳು, ಶಿವಮೊಗ್ಗ

ಅಪ್ಪಾಜಿ ಅಂತಲೇ ಕರೆಯುತ್ತೇನೆ, ನನ್ನ ಅಪ್ಪನ ವಯಸ್ಸು ನಿಮಗೆ. ನನ್ನ ಯಜಮಾನರು ಆರ್ಟಿಲರಿಯಲ್ಲಿದ್ದಾರೆ. ಮೇ ತಿಂಗಳಲ್ಲಿ ನಾನೂ ನಿಮ್ಮ ಹಾಗೇ ಫೋನ್ ಹಿಡಿದು ಕೂತವಳು, ಇಬ್ಬರು ಸಣ್ಣ ಮಕ್ಕಳನ್ನು ಕಟ್ಟಿಕೊಂಡು.

ಆದರೂ ನನ್ನ ಅಭಿಪ್ರಾಯ ಬೇರೆ. 2008ರಲ್ಲಿ ಮುಂಬೈನಲ್ಲಿ ಉಗ್ರರು 166 ಜನರನ್ನು ಕೊಂದರು. ನಾವು ಸೈನ್ಯ ಕಳಿಸಲಿಲ್ಲ. ಸಾಕ್ಷಿ ಕೊಟ್ಟೆವು, ಕಡತ ಕಳಿಸಿದೆವು. ಏನಾಯಿತು? 2019ರಲ್ಲಿ ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಜನ ಹೋದರು. ಪಹಲ್ಗಾಮ್‌ನಲ್ಲಿ ಧರ್ಮ ಕೇಳಿ ಹೆಂಡತಿಯರ ಎದುರೇ ಗಂಡಂದಿರನ್ನು ಹೊಡೆದರು. ಹೆಂಡತಿಯಾಗಿ ಅದನ್ನು ಓದಿದವಳು ನಾನು. ಸುಮ್ನೆ ಇದ್ದಿದ್ದರೆ ಮುಂದಿನ ಸಲ ಯಾರ ಗಂಡ? ಮಾತಿನಲ್ಲಿ ಆಗುವುದನ್ನೆಲ್ಲ ಮಾಡಿ ನೋಡಿದ ಮೇಲೂ ಕೈ ಎತ್ತಬಾರದು ಅಂದರೆ ನನ್ನ ಯಜಮಾನರು ಅಲ್ಲಿ ಚಳಿಯಲ್ಲಿ ನಿಂತಿರುವುದಾದರೂ ಯಾತಕ್ಕೆ?

ಶುರು ಮಾಡಿದ್ದು ಸರಿಯಾ ಅನ್ನುವುದು ಒಂದು ಪ್ರಶ್ನೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ನನಗೆ ಅನುಮಾನ ಇಲ್ಲ. ಎರಡನೆಯದರಲ್ಲಿ ನೀವು ಹೇಳುವುದು ಒಪ್ಪುತ್ತೇನೆ. ನಾಲ್ಕು ದಿನಕ್ಕೆ ನಿಂತಿದ್ದು ಒಳ್ಳೆಯದೇ. ಇನ್ನೂ ನಾಲ್ಕು ದಿನ ಅನ್ನುವವರು ನಮ್ಮ ಮನೆಗೆ ಬಂದು ಒಂದು ರಾತ್ರಿ ಇದ್ದು ಹೋಗಲಿ.

ಒಂದು ಕೋರಿಕೆ ಮಾತ್ರ ಇದೆ. ಕೇಳುವುದಾದರೆ ರಜೆಯಲ್ಲಿ ಕೇಳಿ. ಅವರು ವಾಪಸ್ ಹೋದ ಮೇಲೆ ಫೋನಿನಲ್ಲಿ ಇಂಥ ಮಾತು ಬೇಡ. ನಾನು ಒಮ್ಮೆ ಹಾಗೆ ಮಾಡಿದ್ದೆ. ರಾತ್ರಿ ಫೋನಿನಲ್ಲಿ ಅತ್ತು, "ಇದೆಲ್ಲ ಯಾರಿಗೋಸ್ಕರ" ಅಂದುಬಿಟ್ಟೆ. ಅವರು ಏನೂ ಹೇಳಲಿಲ್ಲ. ಅವತ್ತು ರಾತ್ರಿ ಪೂರ್ತಿ ನಿದ್ದೆ ಮಾಡಲಿಲ್ಲ, ಮರುದಿನ ಡ್ಯೂಟಿಯಲ್ಲಿ ಕಾಲು ಜಾರಿ ಮೊಣಕಾಲು ಪೆಟ್ಟಾಯಿತು ಅಂತ ಆರು ತಿಂಗಳಾದ ಮೇಲೆ ಹೇಳಿದರು. ಇವತ್ತಿಗೂ ನನಗೆ ಅದು ಕೊರೆಯುತ್ತದೆ.

ಹೈಸ್ಕೂಲ್ ಮೇಷ್ಟ್ರು, ಹೊಸನಗರ

ಅಣ್ಣ, ನನ್ನ ಮನೆಯಲ್ಲಿ ಸೈನಿಕರಿಲ್ಲ. ಹಾಗಾಗಿ ಸ್ವಲ್ಪವೇ ಹೇಳುತ್ತೇನೆ.

ಕೆಳದಿ ಚೆನ್ನಮ್ಮನ ಪಾಠ ಮಾಡುವಾಗ ಮಕ್ಕಳು ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. ಶಿವಾಜಿಯ ಮಗ ರಾಜಾರಾಮನನ್ನು ಔರಂಗಜೇಬನಿಗೆ ಒಪ್ಪಿಸಿದ್ದರೆ ಯುದ್ಧವೇ ಇರುತ್ತಿರಲಿಲ್ಲ ಅಲ್ವಾ ಸರ್? ಹೌದು, ಇರುತ್ತಿರಲಿಲ್ಲ. ಆಶ್ರಯ ಕೇಳಿ ಬಂದವನನ್ನು ಬಿಟ್ಟುಕೊಡಲಾರೆ ಅಂತ ರಾಣಿ ಮೊಗಲರ ಸೈನ್ಯವನ್ನೇ ಎದುರುಹಾಕಿಕೊಂಡಳು. ಕಾರಣ ಏನು ಅಂತ ಮುನ್ನೂರು ವರ್ಷ ಆದ ಮೇಲೂ ಹತ್ತನೇ ಕ್ಲಾಸಿನ ಹುಡುಗಿ ಒಂದು ವಾಕ್ಯದಲ್ಲಿ ಹೇಳುತ್ತಾಳೆ. ಸುಬೇದಾರರು ಲಂಕಾದ ಬಗ್ಗೆ ಹೇಳಲಾಗುವುದಿಲ್ಲ ಅಂದಿದ್ದು ಓದಿ ನನಗೆ ಇದು ನೆನಪಾಯಿತು.

ಇನ್ನೊಂದು, ಕಾರ್ಗಿಲ್. 1999ರಲ್ಲಿ ನುಗ್ಗಿದ್ದು ಪಾಕಿಸ್ತಾನದವರು. ನಾವು ನಮ್ಮ ಬೆಟ್ಟ ವಾಪಸ್ ತೆಗೆದುಕೊಂಡೆವು. ಆದರೆ ಗಡಿ ನಿಯಂತ್ರಣ ರೇಖೆ ದಾಟಬಾರದು ಅಂತ ಸೈನ್ಯಕ್ಕೂ ವಾಯುಪಡೆಗೂ ಆದೇಶ ಇತ್ತು. ಹಿಂದಿನಿಂದ ಬಳಸಿ ಹೋಗಲು ಆಗದೆ ಕಡಿದಾದ ಬೆಟ್ಟವನ್ನು ಎದುರಿನಿಂದಲೇ ಹತ್ತಬೇಕಾಯಿತು. ನಮ್ಮವರು 527 ಜನ ಪ್ರಾಣ ಬಿಟ್ಟರು. ಯುದ್ಧ ದೊಡ್ಡದಾಗದೆ ಇರಲಿ ಅಂತ ತಡೆದುಕೊಂಡಿದ್ದಕ್ಕೂ ಬೆಲೆ ತೆತ್ತವರು ನಿಮ್ಮ ಮಗನಂಥವರೇ. ಇದನ್ನು ಓದಿದ ಮೇಲೆ ಯುದ್ಧ ಬೇಕು ಅನ್ನುವುದು, ಬೇಡ ಅನ್ನುವುದು ಎರಡೂ ನನಗೆ ಸುಲಭದ ಮಾತಾಗಿ ಉಳಿದಿಲ್ಲ. ನಿಮ್ಮ ಗೆಳೆಯರ ಜೊತೆ ಮಾತು ಬಿಡಬೇಡಿ, ಅವರಿಗೂ ಇದನ್ನು ಹೇಳಿ.

ತೋಟದ ಅಪ್ಪಯ್ಯ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ಕೈ ಮುಗಿಯುತ್ತೇನೆ. ತಂಗೀ, ನಿನ್ನ ಮೊಣಕಾಲಿನ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ಫೋನಿನಲ್ಲಿ ಕೇಳುವುದಿಲ್ಲ, ಖಂಡಿತ.

ಸುಬೇದಾರರು ಹೇಳಿದ ಹಾಗೇ ಮಾಡಿದೆ. ಮೊನ್ನೆ ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯಲು ಕೂತಿದ್ದೆವು. ಅವನು ಮೆಟ್ಟುಗತ್ತಿ ಮೇಲೆ ಕೂತು ಐದಾರು ವರ್ಷವೇ ಆಗಿತ್ತು. ಶುರುವಿನಲ್ಲಿ ಕೈ ತಡವರಿಸಿತು, ಆಮೇಲೆ ಹಳೇ ವೇಗ ಬಂತು. ಕತ್ತಿಗೆ ಕಾಯಿ ಒತ್ತುವುದು, ಸಿಪ್ಪೆ ಹಿಂದಕ್ಕೆ, ಅಡಿಕೆ ಬುಟ್ಟಿಗೆ. ಟಕ್ ಟಕ್ ಅಂತ ಅದೊಂದೇ ಸದ್ದು. ಹೆಂಡತಿ ಮಲಗಲು ಒಳಗೆ ಹೋದ ಮೇಲೆ ಕೇಳಿದೆ. ಶಿವಮೊಗ್ಗದಲ್ಲಿ ಕೂಗಿದ್ದನ್ನೂ ಹೇಳಿದೆ. ಅದನ್ನು ಹೇಳುವುದು ಕಷ್ಟ ಆಯಿತು.

ಅವನು ಕೈ ನಿಲ್ಲಿಸಲಿಲ್ಲ. "ಅಪ್ಪಯ್ಯ, ಆ ದಿನ ಅಲ್ಲಿದ್ದಿದ್ರೆ ನಾನೂ ಕೂಗ್ತಿದ್ದೆ" ಅಂದ. ಸ್ವಲ್ಪ ಹೊತ್ತು ಬಿಟ್ಟು ಒಂದು ಊರಿನ ಬಗ್ಗೆ ಹೇಳಿದ. ಶೆಲ್ ಬೀಳಲು ಶುರುವಾದಾಗ ಊರವರು ಉಟ್ಟ ಬಟ್ಟೆಯಲ್ಲೇ ಓಡಿದ್ದರಂತೆ. ಹೋಗುವ ಮುಂಚೆ ಎಮ್ಮೆಗಳ ಹಗ್ಗ ಬಿಚ್ಚಿಬಿಟ್ಟಿದ್ದರು. ಒಬ್ಬ ಮುದುಕ ಮಾತ್ರ ಹೋಗಲಿಲ್ಲ. ಕೊಟ್ಟಿಗೆ ಬಾಗಿಲಲ್ಲೇ ಕೂತಿದ್ದ. ಇವರು ಎಷ್ಟು ಕರೆದರೂ ಏಳಲಿಲ್ಲ. ಒಂದು ಎಮ್ಮೆ ಕರು ಹಾಕುವುದರಲ್ಲಿತ್ತಂತೆ. ಕೊನೆಗೆ ಇವನು ಮತ್ತು ಇನ್ನೊಬ್ಬ ಸೇರಿ ಮುದುಕನನ್ನು ಎತ್ತಿಕೊಂಡೇ ಬಂಕರಿಗೆ ಹೋದರು. ದಾರಿಯುದ್ದಕ್ಕೂ ಅವನು ಇವರಿಗೇ ಬೈಯುತ್ತಿದ್ದನಂತೆ.

"ಸರಿಯಾ ತಪ್ಪಾ ಅಂತ ಅಲ್ಲಿ ನಿಂತು ಯೋಚಿಸೋಕೆ ನನಗೆ ಪುರಸೊತ್ತು ಇರಲ್ಲ ಅಪ್ಪಯ್ಯ. ನೀವು ಇಲ್ಲಿ ಯೋಚಿಸಿ. ಯಾರಾದ್ರೂ ಯೋಚಿಸ್ತಾ ಇದಾರೆ ಅಂತ ಗೊತ್ತಿದ್ರೆ ನನಗೆ ಧೈರ್ಯ" ಅಂದ. ಇಷ್ಟು ಹೇಳಿ ಬುಟ್ಟಿ ತುಂಬಿತು ಅಂತ ಎದ್ದ.

ನಿನ್ನೆ ರಾತ್ರಿ ಶಿವಮೊಗ್ಗದಲ್ಲಿ ರೈಲು ಹತ್ತಿಸಿ ಬಂದೆ. ಬರುವಾಗ ಗೆಳೆಯನ ಮನೆಗೆ ಹೋಗಿದ್ದೆ. ಚಹಾ ಕೊಟ್ಟ. ಯುದ್ಧದ ಮಾತು ಇಬ್ಬರೂ ಎತ್ತಲಿಲ್ಲ, ನಾಡಿದ್ದು ಮತ್ತೆ ಹೋಗುತ್ತೇನೆ.

ಟ್ರಂಕ್ ಕಟ್ಟುವಾಗ ಹೆಂಡತಿ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಡಬ್ಬಿ ಇಟ್ಟಿದ್ದಳು. ಇನ್ನೊಂದು ಕೊಡು ಅಂದ. ಯಾರಿಗೆ ಅಂತ ಕೇಳಿದರೆ, ಆ ಮುದುಕನಿಗೆ ಅಂದ. ಎಮ್ಮೆ ಕರು ಏನಾಯಿತು ಅಂತ ಕೇಳುವುದನ್ನು ನಾನು ಮರೆತೇಬಿಟ್ಟೆ.