ಅಪ್ಪ ಅಮ್ಮ ಇಬ್ಬರೂ ಬಿ ಪಾಸಿಟಿವ್, ಮಗಳು ಮಾತ್ರ ಓ ಪಾಸಿಟಿವ್. ಹೇಗೆ?

ಹತ್ತನೇ ಕ್ಲಾಸಿನ ಅಮ್ಮ
ನಮಸ್ಕಾರ. ಮಗಳಿಗೆ ಅನುವಂಶೀಯತೆ ಪಾಠ ನಡೀತಿದೆ. ಮನೆಯವರ ರಕ್ತದ ಗುಂಪೆಲ್ಲ ಬರೆದುಕೊಂಡು ಬನ್ನಿ ಅಂತ ಹೋಮ್‌ವರ್ಕ್ ಕೊಟ್ಟಿದ್ದಾರೆ. ನಾನು ಬಿ ಪಾಸಿಟಿವ್, ನಮ್ಮ ಮನೆಯವರೂ ಬಿ ಪಾಸಿಟಿವ್, ದೊಡ್ಡ ಮಗನೂ ಅದೇ. ಇವಳದ್ದು ಓ ಪಾಸಿಟಿವ್. ಊಟಕ್ಕೆ ಕೂತಾಗ ಓದಿ ಹೇಳಿದಳು ನೋಡಿ, ಅತ್ತೆ ತುತ್ತು ಕೈಯಲ್ಲೇ ಹಿಡಿದು "ಆಸ್ಪತ್ರೆಯಲ್ಲಿ ಮಗು ಅದಲುಬದಲಾಯ್ತೇನೋ" ಅಂದರು. ತಮಾಷೆಗೇ ಅಂದಿದ್ದು, ಆದರೆ ಮಗಳ ಮುಖ ಸಣ್ಣಗಾಯಿತು. ಇದು ಸಾಧ್ಯವಾ? ಇನ್ನೊಂದು, ಪುಸ್ತಕದಲ್ಲಿ 3:1 ಅಂತಿದೆಯಲ್ಲ, ಹಾಗಾದರೆ ಮೊದಲ ಮೂರು ಮಕ್ಕಳು ಬಿ ಆಗಿ ನಾಲ್ಕನೆಯದು ಓ ಆಗಬೇಕಲ್ವಾ? ನಮಗೆ ಎರಡನೆಯದೇ ಓ.

ಲ್ಯಾಬ್‌ನವ
ಧಾರಾಳವಾಗಿ ಸಾಧ್ಯ. ಕಾರ್ಡಿನಲ್ಲಿ ಬಿ ಅಂತ ಒಂದೇ ಅಕ್ಷರ ಇದ್ದರೂ ಒಳಗಿರುವುದು ಎರಡು ಜೀನ್, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಬಿಬಿ ಇದ್ದರೂ ಬಿ, ಬಿಓ ಇದ್ದರೂ ಬಿ. ನೀವಿಬ್ಬರೂ ಬಿಓ ಆಗಿದ್ದು, ಇಬ್ಬರೂ ಓ ಅನ್ನೇ ದಾಟಿಸಿದ್ದೀರಿ, ಅಷ್ಟೇ.

ಓ ಅಂದ್ರೆ ಏನು ಅಂತ ಮಗಳಿಗೆ ಹೀಗೆ ಹೇಳಿ. ಎ ಜೀನ್ ಮಾಡಿಸುವ ಕಿಣ್ವ ಕೆಂಪು ರಕ್ತಕಣದ ಮೇಲೆ ಒಂದು ಬಗೆಯ ಸಕ್ಕರೆ ಅಂಟಿಸುತ್ತದೆ, ಬಿ ಜೀನಿನದು ಇನ್ನೊಂದು ಬಗೆ. ಸಾಮಾನ್ಯವಾಗಿ ಸಿಗುವ ಓ ಜೀನಿನಲ್ಲಿ ಡಿಎನ್‌ಎ ಬರಹದ ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ, ಹಾಗಾಗಿ ಕಿಣ್ವ ಕೆಲಸಕ್ಕೆ ಬರಲ್ಲ. ಪಕ್ಕದಲ್ಲಿ ಬಿ ಇದ್ದರೆ ಅದೊಂದೇ ಅಂಟಿಸುವ ಕೆಲಸ ಮುಗಿಸುತ್ತದೆ, ಓ ಸುಮ್ನೆ ಕೂತಿರುತ್ತದೆ. ಇದನ್ನೇ ಪುಸ್ತಕದಲ್ಲಿ ದುರ್ಬಲ ಅನ್ನುವುದು. ನನಗೆ ಆ ಪದ ಅಷ್ಟು ಹಿಡಿಸಲ್ಲ, ಓ ಗುಂಪಿನ ರಕ್ತಕ್ಕೆ ಯಾವ ಬಲಹೀನತೆಯೂ ಇಲ್ಲ.

ನಿವೃತ್ತ ಮೇಷ್ಟ್ರು
3:1 ವಿಷಯ ನಾನು ಹೇಳ್ತೀನಿ. ಮೂವತ್ತು ವರ್ಷ ಇದೇ ಪ್ರಶ್ನೆ ಕೇಳಿಸಿಕೊಂಡಿದ್ದೇನೆ. ಅದು ಸರದಿ ಅಲ್ಲಮ್ಮ, ರೇಷನ್ ಅಂಗಡಿ ಕ್ಯೂ ಥರ ನಾಲ್ಕನೆಯವರಿಗೆ ಓ ಅಂತ ಇಟ್ಟಿರುವುದಿಲ್ಲ. ಪ್ರತಿ ಮಗುವಿಗೂ ಹೊಸದಾಗಿ ಚೀಟಿ ಎತ್ತಿದ ಹಾಗೆ. ಹಿಂದಿನ ಮಗುವಿಗೆ ಏನು ಬಂತು ಅನ್ನುವ ನೆನಪು ಅಂಡಾಣುವಿಗೂ ಇಲ್ಲ, ವೀರ್ಯಾಣುವಿಗೂ ಇಲ್ಲ.

ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡೆಲ್ ಅವರ ಬಟಾಣಿ ಪ್ರಯೋಗದಲ್ಲೇ ನೋಡಿ. ಒಟ್ಟು 7324 ಕಾಳು ಎಣಿಸಿದಾಗ 5474 ದುಂಡಗೆ, 1850 ಸುಕ್ಕು, ಹತ್ತಿರಹತ್ತಿರ 3:1. ಆದರೆ 1866ರಲ್ಲಿ ಅಚ್ಚಾದ ಅವರ ಪ್ರಬಂಧದಲ್ಲೇ ಇನ್ನೊಂದು ಮಾತಿದೆ, ಅದನ್ನು ಯಾರೂ ಪಾಠ ಮಾಡಲ್ಲ. ಒಂದು ಗಿಡದಲ್ಲಿ 43 ದುಂಡು ಕಾಳಿಗೆ ಸುಕ್ಕು ಬರೀ 2. ಮತ್ತೊಂದು ಗಿಡದಲ್ಲಿ 14 ದುಂಡು, 15 ಸುಕ್ಕು! ಆ ಒಂದೇ ಗಿಡ ನೋಡಿ ಅವರು ಲೆಕ್ಕ ಮುಗಿಸಿದ್ದರೆ ಕಥೆಯೇ ಬೇರೆ ಆಗುತ್ತಿತ್ತು. ಗಿಡದ ಪಾಡೇ ಹೀಗಿರುವಾಗ ಎರಡು ಮಕ್ಕಳ ಮನೆಯಲ್ಲಿ 3:1 ಎಲ್ಲಿ ಹುಡುಕ್ತೀರಿ?

ಚೌಕಾಬಾರ ಹುಚ್ಚ
ಎರಡು ಹುಣಸೆ ಬೀಜ ತಗೊಂಡು ಒಂದು ಮಗ್ಗುಲು ಬಿಳಿ ಬರೋ ತನಕ ನೆಲಕ್ಕೆ ಉಜ್ಜಿ. ಒಂದು ಅಪ್ಪಂದು, ಒಂದು ಅಮ್ಮಂದು. ಕಪ್ಪು ಬಿ, ಬಿಳಿ ಓ. ಎರಡೂ ಬಿಳಿ ಬಿದ್ದರೆ ಓ ಮಗು.

ನಿವೃತ್ತ ಮೇಷ್ಟ್ರು
ಐಡಿಯಾ ಚೆನ್ನಾಗಿದೆ, ಆದರೆ ಉಜ್ಜಿದ ಬೀಜ ಎರಡು ಕಡೆಗೂ ಸಮ ಬೀಳಲ್ಲ ಮಾರಾಯ್ರೇ, ಆಟದಲ್ಲಿ ನಿಮಗೇ ಗೊತ್ತಿರಬೇಕು. ರೂಪಾಯಿ ನಾಣ್ಯವೇ ವಾಸಿ.

ದಾರಿಹೋಕ
ಮಧ್ಯೆ ಬಾಯಿ ಹಾಕ್ತಿದ್ದೀನಿ. ಅಪ್ಪ ಎಬಿ ಆಗಿದ್ದು ಮಗ ಓ ಆಗಬಹುದಾ?

ಲ್ಯಾಬ್‌ನವ
ಸಾಮಾನ್ಯವಾಗಿ ಆಗಲ್ಲ, ಎಬಿಯವರ ಹತ್ತಿರ ಕೊಡಲು ಓ ಇಲ್ಲ. ಮೊದಲು ಇಬ್ಬರದ್ದೂ ಇನ್ನೊಮ್ಮೆ ಟೆಸ್ಟ್ ಮಾಡಿಸಿ, ಹಳೇ ಕಾರ್ಡುಗಳಲ್ಲಿ ತಪ್ಪು ಇರುವುದುಂಟು. ತೀರಾ ಅಪರೂಪಕ್ಕೆ ಬಾಂಬೆ ಗುಂಪು ಅಂತ ಒಂದಿದೆ, 1952ರಲ್ಲಿ ಮುಂಬೈಯಲ್ಲಿ ಪತ್ತೆಯಾಗಿದ್ದು. ಅವರಲ್ಲಿ ಎ ಅಥವಾ ಬಿ ಜೀನ್ ಇದ್ದರೂ ಸಕ್ಕರೆ ಅಂಟಿಸಲು ಬೇಕಾದ ಬುಡವೇ ಇರಲ್ಲ, ಅದಕ್ಕೇ ಮಾಮೂಲಿ ಪರೀಕ್ಷೆಯಲ್ಲಿ ಓ ಅಂತ ಕಾಣುತ್ತದೆ. ಅವರಿಗೆ ಸಾದಾ ಓ ರಕ್ತ ಕೊಟ್ಟರೆ ಅಪಾಯ, ಬಾಂಬೆ ಗುಂಪಿನದ್ದೇ ಆಗಬೇಕು.

ಅಮ್ಮಾವ್ರೇ, ಅಜ್ಜ ಅಜ್ಜಿಯರ ಗುಂಪು ಗೊತ್ತಾ?

ಹತ್ತನೇ ಕ್ಲಾಸಿನ ಅಮ್ಮ
ನಮ್ಮಪ್ಪ ಬಿ, ನಮ್ಮಮ್ಮ ಎ. ಮಾವ ತೀರಿಕೊಂಡಿದ್ದಾರೆ, ಅವರದ್ದು ಗೊತ್ತಿಲ್ಲ. ಅತ್ತೆಯದು ಕಣ್ಣಿನ ಆಪರೇಷನ್ ಫೈಲಿನಲ್ಲಿ ಸಿಕ್ತು, ಓ ಪಾಸಿಟಿವ್.

ಲ್ಯಾಬ್‌ನವ
ಮುಗೀತಲ್ಲ! ನಿಮ್ಮಮ್ಮ ಎ, ನೀವು ಬಿ. ಅಂದ್ರೆ ಅವರು ನಿಮಗೆ ಎ ಕೊಟ್ಟಿಲ್ಲ, ಓ ಕೊಟ್ಟಿದ್ದಾರೆ. ಅತ್ತೆ ಓ ಅಂದ ಮೇಲೆ ಮಗನಿಗೆ ಕೊಡಲು ಅವರ ಹತ್ತಿರ ಬೇರೆ ಏನೂ ಇಲ್ಲ. ನೀವಿಬ್ಬರೂ ಬಿಓ, ಅನುಮಾನವೇ ಬೇಡ.

ಹತ್ತನೇ ಕ್ಲಾಸಿನ ಅಮ್ಮ
ಮಗಳು ರಾತ್ರಿ ಎರಡು ನಾಣ್ಯ 40 ಸಲ ಚಿಮ್ಮಿದಳು. 13 ಸಲ ಓ ಬಂತು, ಅದರಲ್ಲಿ ಒಂದು ಕಡೆ ಸತತ ಮೂರು. ಆಮೇಲೆ ನೋಟ್‌ಬುಕ್ ಹಿಡಿದು ಸೀದಾ ಅಜ್ಜಿ ಹತ್ತಿರ ಹೋಗಿ "ಯಾರ ಹಾಗೆ ಅಂದ್ರೆ ನಿನ್ನ ಹಾಗೇ" ಅಂದಳು. ಅತ್ತೆ ಈಗ ಫೋನ್ ಮಾಡಿದವರಿಗೆಲ್ಲ ಮೊಮ್ಮಗಳಿಗೆ ನಂದೇ ರಕ್ತ ಅಂತ ಹೇಳ್ತಾ ಕೂತಿದ್ದಾರೆ.