ಗ್ರಬ್ ಕೂರ್ತಿಲ್ಲ, ಅಪ್ಪನ ಲೆಕ್ಕ ವಿಂಡೋಸ್‌ನಲ್ಲಿದೆ: ಅನುಭವ ಇದ್ದವರು ಹೇಳಿ

ಶಿಡ್ಲಘಟ್ಟದಿಂದ ಪ್ರಶ್ನೆ:
ಅಪ್ಪನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಪಕ್ಕದಲ್ಲೇ ಇನ್ನೊಂದು ಓಎಸ್ (ಕಂಪ್ಯೂಟರ್ ನಡೆಸೋ ಮೂಲ ಸಾಫ್ಟ್‌ವೇರ್) ಲಿನಕ್ಸ್ ಮಿಂಟ್ ಹಾಕೋಕೆ ಹೋದೆ. ಎಲ್ಲ ಕಾಪಿ ಆಗಿ, ಕೊನೇಲಿ ಗ್ರಬ್ (ಆನ್ ಮಾಡಿದಾಗ ವಿಂಡೋಸೋ ಮಿಂಟೋ ಅಂತ ಕೇಳೋ ಪ್ರೋಗ್ರಾಂ) ಕೂರಿಸುವಾಗ ‘ಫೇಟಲ್ ಎರರ್’ ಅಂತ ಬಂದು ನಿಂತುಹೋಯ್ತು. ಆನ್ ಮಾಡಿದ್ರೆ ಸೀದಾ ವಿಂಡೋಸ್ ಬರುತ್ತೆ, ಮಿಂಟ್ ಸುಳಿವೇ ಇಲ್ಲ. ರೇಷ್ಮೆಗೂಡು ಖರೀದಿ ಲೆಕ್ಕ ಪೂರ್ತಿ ಇದರಲ್ಲೇ ಇದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಫಾರ್ಮ್ಯಾಟ್ ಮಾಡದೆ ದಾರಿ ಇದೆಯಾ?

ತುಮಕೂರಿನಿಂದ:
ವಿಂಡೋಸ್ ಬರ್ತಿದೆಯಲ್ಲ, ಹಾಗಾದ್ರೆ ಲೆಕ್ಕ ಭದ್ರವಾಗಿದೆ. ಮೊದಲು ಅದನ್ನ ಬೇರೆ ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ, ಆಮೇಲೆ ಮುಂದೆ ಓದಿ.

ನನಗೂ ಇದೇ ಆಗಿತ್ತು. ಬಟವಾಡಿ ರೂಮಲ್ಲಿ ಕೂತು ಒಂದೇ ರಾತ್ರಿ ನಾಲ್ಕು ಸಲ ಇನ್‌ಸ್ಟಾಲ್ ಮಾಡಿದೆ, ನಾಲ್ಕು ಸಲವೂ ಅದೇ ಜಾಗದಲ್ಲಿ ಮುಗ್ಗರಿಸ್ತು. ಐಎಸ್‌ಒ (ಇನ್‌ಸ್ಟಾಲ್ ಫೈಲ್) ಕೆಟ್ಟಿರಬೇಕು ಅಂತ ಮತ್ತೆ ಡೌನ್‌ಲೋಡ್ ಬೇರೆ. ತಪ್ಪಿದ್ದದ್ದು ಬೂಟ್ ಮೆನುವಿನಲ್ಲಿ, ಅಂದ್ರೆ ಕಂಪ್ಯೂಟರ್ ಯಾವುದರಿಂದ ಶುರುವಾಗಬೇಕು ಅಂತ ಆರಿಸೋ ಪಟ್ಟಿಯಲ್ಲಿ. ಅಲ್ಲಿ ಪೆನ್‌ಡ್ರೈವ್ ಹೆಸರು ಎರಡು ಸಲ ಕಾಣಿಸ್ತಿತ್ತು. ಒಂದರ ಮುಂದೆ ‘ಯುಇಎಫ್‌ಐ’ ಅಂತಿತ್ತು, ಇನ್ನೊಂದು ಬೋಳು. ನಾನು ಪ್ರತಿ ಸಲ ಬೋಳು ಹೆಸರನ್ನೇ ಒತ್ತಿದ್ದೆ. ಅದು ಕಂಪ್ಯೂಟರ್ ಶುರುವಾಗೋ ಹಳೇ ದಾರಿ, ಬಯಾಸ್; ಯುಇಎಫ್‌ಐ ಹೊಸ ದಾರಿ. ಆ ದಾರೀಲಿ ಬಂದ ಇನ್‌ಸ್ಟಾಲರ್ ಹಳೇ ಬಗೆಯ ಗ್ರಬ್ ತಂದು ಕೂರಿಸೋಕೆ ನೋಡುತ್ತೆ. ಜಿಪಿಟಿ (ಹೊಸ ಬಗೆಯಲ್ಲಿ ಭಾಗ ಮಾಡಿದ) ಡಿಸ್ಕ್ ಆದ್ರೆ ಅದಕ್ಕೆ 1 ಎಂಬಿಯಷ್ಟು ‘ಬಯಾಸ್ ಬೂಟ್’ ಪಾರ್ಟಿಷನ್ (ಡಿಸ್ಕ್‌ನ ಒಂದು ಭಾಗ) ಬೇಕು. ವಿಂಡೋಸ್ ಅದನ್ನ ಮಾಡಿಟ್ಟಿರಲ್ಲ. ಕೂರೋಕೆ ಜಾಗ ಇಲ್ಲದೆ ಕೈ ಎತ್ತಿಬಿಡುತ್ತೆ.

ಹೀಗೆ ಮಾಡಿ. ವಿಂಡೋಸ್‌ನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ತೆಗೆದು ‘ಬಯಾಸ್ ಮೋಡ್’ ಸಾಲು ನೋಡಿ. ‘ಲೆಗಸಿ’ ಅಂತಿದ್ರೆ ನನ್ನ ಮಾತು ಬಿಟ್ಟುಬಿಡಿ, ನಿಮ್ಮದು ಬೇರೆ ಕಾಯಿಲೆ. ‘ಯುಇಎಫ್‌ಐ’ ಅಂತಿದ್ರೆ ಲೈವ್ ಮಿಂಟ್‌ಗೆ (ಪೆನ್‌ಡ್ರೈವ್‌ನಿಂದಲೇ ಓಡೋ ಮಿಂಟ್) ಹೋಗಿ, ‘ಸಿಸ್’ ಫೋಲ್ಡರ್ ಒಳಗಿನ ‘ಫರ್ಮ್‌ವೇರ್’ನಲ್ಲಿ ‘ಇಎಫ್‌ಐ’ ಅನ್ನೋ ಫೋಲ್ಡರ್ ಇದೆಯಾ ನೋಡಿ. ಇಲ್ಲ ಅಂದ್ರೆ ನೀವೂ ಬೋಳು ಹೆಸರು ಒತ್ತಿದ್ದೀರ. ರೀಸ್ಟಾರ್ಟ್ ಮಾಡಿ ಸರಿಯಾದ್ದನ್ನ ಆರಿಸಿ. ಮತ್ತೆ ಇನ್‌ಸ್ಟಾಲ್ ಬೇಡ. ಲೈವ್ ಮಿಂಟ್ ಮೆನುವಿನಲ್ಲೇ ‘ಬೂಟ್ ರಿಪೇರ್’ ಇದೆ. ನೆಟ್ ಜೋಡಿಸಿ, ಅದರಲ್ಲಿ ‘ರೆಕಮೆಂಡೆಡ್ ರಿಪೇರ್’ ಒತ್ತಿ.

ಕೋಲಾರದಿಂದ:
ಸೆಕ್ಯೂರ್ ಬೂಟ್ (ಸಹಿ ಇಲ್ಲದ ಪ್ರೋಗ್ರಾಂನಿಂದ ಕಂಪ್ಯೂಟರ್ ಶುರುವಾಗೋದನ್ನ ತಡೆಯೋ ಸೆಟ್ಟಿಂಗ್) ಮುಟ್ಟೋ ಮುಂಚೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕೋ ಬೀಗ) ಆನ್ ಇದೆಯಾ ನೋಡ್ಕೊಳ್ಳಿ. ನಾನು ಯಾರೋ ಹೇಳಿದ್ರು ಅಂತ ಸೆಕ್ಯೂರ್ ಬೂಟ್ ಆಫ್ ಮಾಡಿದ್ದೇ ತಡ, ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳ್ತು. ಕೀ ಇದ್ದದ್ದು ಅಣ್ಣನ ಮೈಕ್ರೋಸಾಫ್ಟ್ ಖಾತೇಲಿ, ಅಣ್ಣ ರಾತ್ರಿ ಪಾಳಿಯಲ್ಲಿ. ಬೆಳಗಿನ ತನಕ ಕಾದೆ. ಹಾಗೇ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಪೂರ್ತಿ ಆಫ್ ಆಗದೆ ಬೇಗ ಏಳೋ ಸೌಲಭ್ಯ) ಕೂಡ ಆಫ್ ಮಾಡಿ, ಇಲ್ದಿದ್ರೆ ಮಿಂಟ್‌ನಿಂದ ವಿಂಡೋಸ್ ಡ್ರೈವ್‌ಗೆ ಏನೂ ಬರೆಯೋಕಾಗಲ್ಲ.

ಗೌರಿಬಿದನೂರಿನಿಂದ:
ಮತ್ತೆ ಇನ್‌ಸ್ಟಾಲ್ ಮಾಡಲೇಬೇಕಾಗಿ ಬಂದ್ರೆ, ಆ 100 ಎಂಬಿಯ ಇಎಫ್‌ಐ ಪಾರ್ಟಿಷನ್ ಎದುರು ‘ಫಾರ್ಮ್ಯಾಟ್’ ಟಿಕ್ ಹಾಕ್ಬೇಡಿ. ವಿಂಡೋಸ್ ಏಳೋ ಫೈಲ್ ಇರೋದೇ ಅಲ್ಲಿ. ನಾನು ಟಿಕ್ ಹಾಕಿದವನು. ವಿಂಡೋಸ್ ಪೆನ್‌ಡ್ರೈವ್ ಮಾಡ್ಕೊಂಡು ಆ ಫೈಲ್ ಮತ್ತೆ ಕೂರಿಸೋ ‘ಬಿಸಿಡಿಬೂಟ್’ ಕಮಾಂಡ್ ಕೊಟ್ಟು ಉಳಿಸ್ಕೊಂಡೆ.

ತುಮಕೂರಿನ ಇನ್ನೊಬ್ಬರು:
ಗ್ರಬ್ ಬಂದು ವಿಂಡೋಸ್ ಹೆಸರು ಕಾಣದಿದ್ರೆ ಗಾಬರಿ ಬೇಡ. 2021ರ ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕೋ ಓಎಸ್-ಪ್ರೋಬರ್ ಎಲ್ಲ ಕಡೆ ತಾನಾಗೇ ಓಡಲ್ಲ. ಗ್ರಬ್ ಸೆಟ್ಟಿಂಗ್ ಫೈಲ್‌ನಲ್ಲಿ ‘ಡಿಸೇಬಲ್ ಓಎಸ್ ಪ್ರೋಬರ್’ ಅನ್ನೋದಕ್ಕೆ ‘ಫಾಲ್ಸ್’ ಕೊಟ್ಟು, ಸುಡೋ (ಅಡ್ಮಿನ್ ಅನುಮತಿ ಕೊಡೋ ಪದ) ಹಾಕಿ ‘ಅಪ್‌ಡೇಟ್-ಗ್ರಬ್’ ಕಮಾಂಡ್ ಓಡಿಸಿ.

ಶಿಡ್ಲಘಟ್ಟದಿಂದ ಮತ್ತೆ:
ಬೋಳು ಹೆಸರೇ ಒತ್ತಿದ್ದೆ ಸರ್! ಬೂಟ್ ರಿಪೇರ್ ಆದ್ಮೇಲೆ ಮಿಂಟ್, ವಿಂಡೋಸ್ ಎರಡೂ ಬರ್ತಿವೆ. ಒಂದೇ ತಕರಾರು, ಏನೂ ಒತ್ತದಿದ್ರೆ ಸೀದಾ ಮಿಂಟ್‌ಗೆ ಹೋಗುತ್ತೆ. ಬೆಳಗ್ಗೆ ಅಪ್ಪ ಆನ್ ಮಾಡಿದ್ರೆ ಕಥೆ ಮುಗೀತು.

ತುಮಕೂರಿನಿಂದ:
ಅದೇ ಸೆಟ್ಟಿಂಗ್ ಫೈಲ್‌ನಲ್ಲಿ ‘ಗ್ರಬ್ ಡಿಫಾಲ್ಟ್’ ಸಾಲು ಇದೆ. ಎಣಿಕೆ ಸೊನ್ನೆಯಿಂದ. ಮೆನುವಿನಲ್ಲಿ ವಿಂಡೋಸ್ ಮೂರನೇದಾದ್ರೆ 2 ಅಂತ ಹಾಕಿ ಅಪ್‌ಡೇಟ್-ಗ್ರಬ್ ಓಡಿಸಿ, ಮಲಗಿ.