ರಾಯರ ಮಗನ ಇಂಟರ್‌ನ್ಯಾಷನಲ್ ಓದು

ಭಾನುವಾರ ಬೆಳಿಗ್ಗೆ ಮುಂಬಯಿಯ ಮಾಟುಂಗಾದ ಹೋಟೆಲಿನಲ್ಲಿ ಕುರ್ಚಿ ಸಿಗುವುದು ಕಷ್ಟ. ಸಿಕ್ಕ ಮೇಲೆ ನಮ್ಮನ್ನು ಎಬ್ಬಿಸುವುದು ಇನ್ನೂ ಕಷ್ಟ. ಎರಡನೇ ಕಾಫಿಗೆ ರಾಯರು ಬಾಯಿಬಿಟ್ಟರು.

"ಮಗ ಇಂಟರ್‌ನ್ಯಾಷನಲ್ ಬಿಸಿನೆಸ್ ಓದ್ತಾನಂತೆ. ಬಿಬಿಎ."

"ಸೇರಿಸಿ ಮಾರಾಯ್ರೆ," ಎಂದ ಶೆಟ್ಟಿ. ಬೇರೆಯವರ ಮಕ್ಕಳ ಫೀಸಿನ ವಿಷಯದಲ್ಲಿ ಶೆಟ್ಟಿಯದು ದೊಡ್ಡ ಕೈ.

ಶೀನಣ್ಣ ಲೋಟ ಕೆಳಗಿಟ್ಟರು. "ನಮ್ಮ ಬಿಲ್ಡಿಂಗಿನ ಕೆಳಗೊಂದು ಕ್ಷೌರದಂಗಡಿ ಇತ್ತು. ಈಗ ಅದು ಇಂಟರ್‌ನ್ಯಾಷನಲ್ ಸಲೂನ್. ಕತ್ತರಿ ಅದೇ, ಕೈ ಅದೇ, ತಲೆಯೂ ಅದೇ. ರೇಟಿಗೆ ಮಾತ್ರ ವೀಸಾ ಸಿಕ್ಕಿದೆ. ಪಕ್ಕದ ಮನೆ ಹುಡುಗನದು ಇಂಟರ್‌ನ್ಯಾಷನಲ್ ಸ್ಕೂಲು. ಅಲ್ಲಿಗೆ ಎಲ್ಲರಿಗಿಂತ ದೂರದಿಂದ ಬರುವವನು ಡೊಂಬಿವಲಿಯವನು."

"ಡೊಂಬಿವಲಿ ಅಂದ್ರೆ ಸುಮ್ನೆನಾ?" ಡೊಂಬಿವಲಿಯ ಗೋಪಾಲನಿಗೆ ಚುಚ್ಚಿತು. "ಬೆಳಿಗ್ಗೆ ಫಾಸ್ಟ್ ಲೋಕಲ್ ಒಳಗೆ ನುಗ್ಗಿ ನೋಡಿ. ಅದಕ್ಕಿಂತ ಇಮಿಗ್ರೇಶನ್ ಸುಲಭ."

ಲೋಕಲ್ ರೈಲಿನ ಮಾತು ಹತ್ತು ನಿಮಿಷ ಓಡಿತು. ರಾಯರೇ ಎಳೆದು ತಂದರು. "ಅಲ್ಲಿ ಎಲ್ಲಾ ಕಲಿಸ್ತಾರಂತೆ. ಫೈನಾನ್ಸು, ಮಾರ್ಕೆಟಿಂಗು, ಕಾನೂನು, ಬೇರೆ ದೇಶದ ರೀತಿ ನೀತಿ..."

"ಎಲ್ಲಾ ಪುಸ್ತಕದ್ದೂ ಮೊದಲನೇ ಪಾಠ ಮಾತ್ರ," ಎಂದರು ಶೀನಣ್ಣ. "ನಮ್ಮ ಎಕ್ಸ್‌ಪೋರ್ಟ್ ಆಫೀಸಿಗೂ ಇದೇ ಓದಿದವನೊಬ್ಬ ಬಂದಿದ್ದ. ಗ್ಲೋಬಲೈಸೇಶನ್ ಅಂತ ಅರ್ಧ ಗಂಟೆ ಮಾತಾಡಿದ. ಕಾಳುಮೆಣಸು ಕಸ್ಟಮ್ಸ್‌ನ ಯಾವ ಕೋಡ್ ನಂಬರಿಗೆ ಬರುತ್ತಪ್ಪಾ ಅಂದೆ. ಗೂಗಲ್ ಮಾಡ್ಲಾ ಅಂಕಲ್ ಅಂದ. 0904! ಮೊದಲ ಆರು ಅಂಕಿ ಪ್ರಪಂಚಕ್ಕೆಲ್ಲ ಒಂದೇ, ನಮ್ಮಲ್ಲಿ ಎಂಟು. ಅದು ತಪ್ಪಿದರೆ ಕಂಟೇನರ್ ನ್ಹಾವಾ ಶೇವಾ ಬಂದರಿನಲ್ಲೇ ಬಿಸಿಲು ಕಾಯಿಸುತ್ತೆ. ಬಾಡಿಗೆ ಏರ್ತಾ ಇರುತ್ತೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನ ಪೋರ್ಚುಗೀಸರೇ ಮೆಣಸಿನ ರಾಣಿ ಅಂತ ಕರೆದರು. ಯಾವ ಕಾಲೇಜು ಅವಳದು?"

"ಅವಳಿಗೆ ರಾಜ್ಯ ಇತ್ತು ಮಾರಾಯ್ರೆ. ರಾಯರಿಗೆ ಇರೋದು ಒನ್ ಬಿಎಚ್‌ಕೆ."

"ಹಾಗಾದ್ರೆ ಬೇಡ ಅಂತೀರಾ?" ರಾಯರು ಶೀನಣ್ಣನನ್ನು ಕೇಳಿದರು.

"ಬೇಡ ಅನ್ನಲ್ಲ. ಓದೋದೇ ಆದರೆ ರಜೆಯಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಏಜೆಂಟ್ ಆಫೀಸಿನಲ್ಲಿ ಕೂರಿಸಿ, ಕಾಗದ ಹೊರಲಿ. ಅರಬ್ಬಿಯೋ ಜಪಾನಿಯೋ ಒಂದು ಭಾಷೆ ಕಲೀಲಿ. ಇಲ್ಲಾಂದ್ರೆ ಗಟ್ಟಿಯಾಗಿ ಬಿಕಾಂ ಮಾಡಲಿ. ಆಮೇಲೂ ಹುಚ್ಚು ಬಿಡದಿದ್ದರೆ ವಿದೇಶಿ ವ್ಯಾಪಾರ ಕಲಿಸೋ ದೆಹಲಿಯ ಐಐಎಫ್‌ಟಿ ಇದ್ದೇ ಇದೆ, 1963ರಿಂದ ಅದಕ್ಕೆ ಅದೇ ಕೆಲಸ. ಅಲ್ಲಾ, ಹುಡುಗನಿಗೆ ಇದೇ ಯಾಕೆ ಬೇಕಂತೆ?"

ರಾಯರ ದನಿ ಸಣ್ಣದಾಯಿತು. "ಫಾರಿನ್‌ಗೆ ಹೋಗ್ಬೇಕಂತೆ."

ಯಾರೂ ಮಾತಾಡಲಿಲ್ಲ. ಶೀನಣ್ಣನ ಮಗ ಟೊರೊಂಟೋದಲ್ಲಿದ್ದಾನೆ.

"ಹಾಗಾದ್ರೆ ಪಾಠ ಬೇಕಾಗಿರೋದು ನಿಮಗೆ ರಾಯರೇ," ಎಂದರು ಶೀನಣ್ಣ. "ರಫ್ತಿನಲ್ಲಿ ಎಫ್‌ಒಬಿ ಅಂತ ಒಂದು ಕರಾರು ಇದೆ. ಮಾಲು ಹಡಗು ಹತ್ತುವವರೆಗೆ ಕಳಿಸಿದವನ ಹೊಣೆ. ಹತ್ತಿದ ಮೇಲೆ ತೇಲಲಿ ಮುಳುಗಲಿ, ಕೊಂಡವನದ್ದು. ಸಿಐಎಫ್ ಅನ್ನೋ ಕರಾರಾದರೆ ಹಡಗಿನ ಬಾಡಿಗೆ, ವಿಮೆ ಎಲ್ಲಾ ನಿಮ್ಮದು. ಆದರೂ ಹತ್ತಿದ ಮೇಲೆ ಮಾಲು ನಿಮ್ಮದಲ್ಲ."

"ಅಂದ್ರೆ ಎಜುಕೇಶನ್ ಲೋನ್," ಎಂದ ಗೋಪಾಲ.

ರಾಯರೂ ನಕ್ಕರು. ನಗು ನಿಂತ ಮೇಲೆ ಶೆಟ್ಟಿ ಕೇಳಬಾರದ್ದು ಕೇಳಿದ. "ನೀವು ಯಾವುದರಲ್ಲಿ ಕಳಿಸಿದ್ದು ಶೀನಣ್ಣ?"

"ಎಫ್‌ಒಬಿ ಅಂದ್ಕೊಂಡಿದ್ದೆ. ಏರ್‌ಪೋರ್ಟ್ ಬಾಗಿಲಲ್ಲಿ ಟಾಟಾ ಮಾಡಿ ಬಂದೆ, ಮುಗೀತು ಅಂತ. ಈಗ ಬೆಳಿಗ್ಗೆ ಎದ್ದರೆ ಮೊದಲ ಲೆಕ್ಕ, ಅಲ್ಲೀಗ ರಾತ್ರಿ, ಊಟ ಮಾಡಿದನೋ ಇಲ್ಲವೋ." ತಳದಲ್ಲಿದ್ದ ತಣ್ಣಗಿನ ಕಾಫಿ ಕುಡಿದರು. "ಮೂವತ್ತೈದು ವರ್ಷ ಇದೇ ಕೆಲಸ ಮಾಡಿ ಮರೆತುಬಿಟ್ಟಿದ್ದೆ ನೋಡಿ. ಎಫ್‌ಒಬಿ ಹಡಗಿಗೆ ಮಾತ್ರ. ವಿಮಾನಕ್ಕೆ ನಡೆಯಲ್ಲ."